ರಂಗಸಾಮಿ ಮಾಮನ ಸಿಗ್ನಲ್ ಪಂಪು

ಅರವತ್ತೈದು ದಾಟಿದ ಒಬ್ರು, ಬಿಳಿ ಪಂಚೆ ಮಂಡಿ ಮೇಲಕ್ಕೆ ಎತ್ತಿ ಕಟ್ಕೊಂಡು, ತಾರಸಿ ಮೇಲಿನ ನೀರಿನ ಟ್ಯಾಂಕ್ ಪಕ್ಕ ಏಣಿ ಹತ್ತಿ ನಿಂತಿದಾರೆ. ಕೈಯಲ್ಲಿ ಉದ್ದನೆ ಸ್ಕ್ರೂಡ್ರೈವರ್. ಅದರ ತುದಿ ವೈಫೈ ಪೆಟ್ಟಿಗೆ ಮೇಲೆ, ಹಿಡಿ ಕಿವಿಗೆ. ಕಣ್ಣು ಮುಚ್ಚಿ, ಡಾಕ್ಟ್ರು ಎದೆ ಬಡಿತ ಕೇಳೋ ಥರ ಕೇಳ್ತಿದಾರೆ. ಆಮೇಲೆ ಮೇಲಿಂದಲೇ ಇಡೀ ಬೀದಿಗೆ ಕೇಳೋ ಹಾಗೆ ಒಂದು ಕೂಗು.

"ಅಮ್ಮಣೀ! ಓಡ್ತಾ ಅದೆ! ಪ್ರೆಷರ್ ಎಪ್ಪಡಿ ಬತ್ತದೆ ನೋಡು!"

ಇವರೇ ರಂಗಸಾಮಿ ಮಾಮ. ಕೊಯಮತ್ತೂರಿನ ಗಣಪತಿ ಅನ್ನೋ ಏರಿಯಾದಲ್ಲಿ ನಮ್ಮ ಬಾಡಿಗೆ ಮನೆ ಓನರ್ರು. ಅಮ್ಮಣಿ ಅಂದ್ರೆ ನಾನು. ಆ ಕಡೆ ಹೆಣ್ಮಕ್ಕಳನ್ನ ಅಕ್ಕರೆಯಿಂದ ಕರೆಯೋದೇ ಹಾಗೆ.

ಜೀವನಪೂರ್ತಿ ಒಂದು ಪಂಪ್‌ಸೆಟ್ ಫ್ಯಾಕ್ಟರೀಲಿ ಟೆಸ್ಟಿಂಗ್ ಬೆಂಚ್ ಮುಂದೆ ನಿಂತವರು ಮಾಮ. ರಿಟೈರ್ ಆದ್ರು, ಪಂಪು ಆಗಲಿಲ್ಲ. ಲೋಕದಲ್ಲಿ ಇರೋದೆಲ್ಲ ಅವರಿಗೆ ಪಂಪೇ. ನನ್ನ ಮಗಳು ಪುಟ್ಟಿಗೆ ಮೂಗು ಸೋರಿದ್ರೆ, "ವಾಷರ್ ಹೋಗ್ಯದೆ." ಮಹೇಶ ಎರಡನೇ ಸಲ ಅನ್ನ ಹಾಕಿಸ್ಕೊಳ್ಳಲಿಲ್ಲ ಅಂದ್ರೆ, "ಮಾಪ್ಳೆಗೆ ಸಕ್ಷನ್ ಇಲ್ಲ." ಮಹೇಶ ನನ್ನ ಗಂಡ, ಮಾಮನ ಬಾಯಲ್ಲಿ ಮಾಪ್ಳೆ, ಅಂದ್ರೆ ಅಳಿಯ. ಎದುರು ಮನೆಯವರು ಹೊಸ ಕಾರಿನ ಬಗ್ಗೆ ಜಂಬ ಕೊಚ್ಚಿ ಹೋದ ಮೇಲೆ ಮೆಲ್ಲಗೆ ಹೇಳೋರು: "ಸೌಂಡು ಐದು ಎಚ್‌ಪಿದು, ಬರೋ ನೀರು ಅರ್ಧ ಇಂಚು." ಈ ಮಾತನ್ನ ನಾನು ಇವತ್ತಿಗೂ ಬಳಸ್ತೀನಿ. ಇಲ್ಲಿ ಪೋಸ್ಟ್ ಹಾಕೋ ಸುಮಾರು ಜನಕ್ಕೆ ಸರಿಯಾಗಿ ಹೊಂದುತ್ತೆ, ಹೆಸರು ಹೇಳಲ್ಲ.

ಮಾಮನ ಮನೆಮಾತು ಕನ್ನಡ. ತಾತನ ತಾತ ಯಾವತ್ತೋ ಮೇಲಿನ ಕನ್ನಡ ಸೀಮೆಯಿಂದ ಇಳಿದು ಬಂದವರಂತೆ, ಯಾವ ಊರು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಗೇಟಿನಿಂದ ಆಚೆ ತಮಿಳು, ಈಚೆ ಕನ್ನಡ, ಅದೂ ತಮಿಳಿನ ರಾಗದಲ್ಲಿ. ಕನ್ನಡ ಓದೋಕೆ ಬರ್ತಿರಲಿಲ್ಲ. ನಾನು ಊರಿಂದ ತಂದ ವಾರಪತ್ರಿಕೇನ ಒಂದ್ಸಲ ತಲೆಕೆಳಗಾಗಿ ಹಿಡ್ಕೊಂಡು ನೋಡಿ, "ನಾವು ಮಾತಾಡೋದನ್ನ ಬರೆದ್ರೆ ಹಿಂಗೆ ಇರ್ತದಾ? ಅಳಗಾ ಅದೆ. ಎಲ್ಲಾ ಉಂಡೆ ಉಂಡೆ," ಅಂದ್ರು. ಅಳಗಾ ಅಂದ್ರೆ ಚೆಂದ.

ಈಗ ನನ್ನ ಕಥೆ. ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ತಿಪಟೂರಿನವಳು. ಮಹೇಶನಿಗೆ ಪಂಪ್ ಕಂಪನೀಲಿ ಡಿಸೈನ್ ಕೆಲಸ ಸಿಕ್ತು ಅಂತ ಗಂಟುಮೂಟೆ ಕಟ್ಟಿ ಬಂದ್ವಿ. ಪುಟ್ಟಿ ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟು ಮನೇಲಿ ಕೂತಿದ್ದೆ, ಕೂತು ಕೂತು ಗೋಡೆ ಜೊತೆ ಮಾತಾಡೋ ಹಂತಕ್ಕೆ ಬಂದಿದ್ದೆ. ಆಗ ಗಾಂಧಿಪುರಂನ ಒಂದು ಆಫೀಸು, ಅಮೆರಿಕದ ಡಾಕ್ಟ್ರುಗಳು ಗೊಣಗಿದ್ದನ್ನ ಕೇಳಿ ಟೈಪ್ ಮಾಡೋ ಕೆಲಸ ಕೊಟ್ಟಿತು. ಮನೆಯಿಂದಲೇ ಮಾಡಬಹುದು, ಆದರೆ ಮೊದಲು ಪರೀಕ್ಷೆ ತಿಂಗಳು. ಕಳಿಸೋ ಹೊತ್ತಿಗೆ ಲೈನ್ ಕಟ್ ಆಗ್ತಾ ಇದ್ರೆ ಆಫೀಸಿಗೇ ಬಂದು ಕೂರಬೇಕು, ಇಲ್ಲಾಂದ್ರೆ ಬಿಡಬೇಕು. ಎರಡು ವರ್ಷದ ಮಗೂನ ಯಾರ ಹತ್ರ ಬಿಟ್ಟು ಹೋಗ್ಲಿ? ಅಂದ್ರೆ ಲೈನ್ ಇದ್ರೆ ಕೆಲಸ, ಇಲ್ಲಾಂದ್ರೆ ಮತ್ತೆ ಗೋಡೆ. ಪುಟ್ಟಿ ಮಲಗೋ ಹೊತ್ತು ಮಧ್ಯಾಹ್ನ ಎರಡರಿಂದ ಐದು. ಆ ಮೂರು ಗಂಟೆ ನನ್ನದು.

ಬೀದಿಯಲ್ಲಿ ಹೊಸ ಫೋನ್ ಲೈನಿಗೆ ಕಾಯಬೇಕಿತ್ತು. ಮಾಮನ ಮನೇಲಿ ಮಾತ್ರ ಬ್ರಾಡ್‌ಬ್ಯಾಂಡು, ಜೊತೆಗೆ ವೈಫೈ ಪೆಟ್ಟಿಗೆ. ಯಾಕೆ ಹಾಕಿಸಿದ್ರು ಅಂದ್ರೆ ಎದುರು ಮನೆಯವರು ಹಾಕಿಸಿದ್ರು ಅಂತ. ಮಾಮನ ಮನೇಲಿ ಕಂಪ್ಯೂಟರೇ ಇರಲಿಲ್ಲ. "ನೀ ಬಳಸು ಅಮ್ಮಣಿ, ಸುಮ್ಮನೆ ಓಡ್ತಾ ಅದೆ," ಅಂದ್ರು.

ತೊಂದರೆ ಏನು ಅಂದ್ರೆ, ಆ ಮನೆ ರೈಲಿನ ಥರ. ಮುಂದೆ ಮಾಮ ಮತ್ತು ಅವರ ಹೆಂಡತಿ ಸರಸಕ್ಕ, ನಡುವೆ ಸಂಪು ಇರೋ ಅಂಗಳ, ಹಿಂದಿನ ತುದಿಯಲ್ಲಿ ನಮ್ಮ ಎರಡು ರೂಮು. ಮಾಮನ ಹಾಲ್‌ನಲ್ಲಿದ್ದ ಸಿಗ್ನಲ್ಲು ಅಂಗಳ ದಾಟೋ ಹೊತ್ತಿಗೆ ಪ್ರಾಣ ಬಿಡೋದು. ನಾನು ಲ್ಯಾಪ್‌ಟಾಪ್ ಎತ್ಕೊಂಡು ಬಾಗಿಲಲ್ಲಿ ನಿಂತ್ರೆ ಒಂದು ಗೆರೆ, ಒಳಗೆ ಬಂದ್ರೆ ಸೊನ್ನೆ.

"ಒಂದು ಕೇಬಲ್ ಎಳೆದುಬಿಡೋಣ ಮಾಮ, ಅಂಗಳದ ಮೇಲೆ," ಅಂದ ಮಹೇಶ.

ಮಾಮ ಅವನನ್ನ ನೋಡಿದ ರೀತಿ ನೋಡಬೇಕಿತ್ತು. "ವೈರ್‌ಲೆಸ್ ಅಂತ ಕಾಸು ಕೊಟ್ಟು ವಾಂಗಿ, ವೈರ್ ಎಳಿಯೋದಾ? ಎದುರು ಮನೆಯೋರು ನಗಲ್ವಾ ಮಾಪ್ಳೆ?"

ವಿಷಯ ಅಲ್ಲಿಗೆ ಮುಗೀತು. ಮರುದಿನ ಅವರೇ ಸ್ಕ್ರೂಡ್ರೈವರ್ ತಗೊಂಡು ಬಂದು ಪೆಟ್ಟಿಗೇನ ಆಲಿಸಿ ತೀರ್ಪು ಕೊಟ್ರು. "ಮೋಟಾರ್ ಚೆನ್ನಾಗದೆ. ಲೀಕೇಜು. ಸಿಗ್ನಲ್ಲು ನಾಕು ದಿಕ್ಕಿಗೂ ಸೋರೋಗ್ತಾ ಅದೆ. ಪೈಪ್ ಹಾಕ್ತೀನಿ."

ಹಾಕಿದ್ರು! ನಾನು ತಮಾಷೆಗೆ ಹೇಳ್ತಿಲ್ಲ. ನಾಲ್ಕಿಂಚಿನ ಪಿವಿಸಿ ಪೈಪು, ಅವರ ಅಡುಗೆಮನೆ ಕಿಟಕಿಯಿಂದ ಅಂಗಳದ ಗೋಡೆ ಉದ್ದಕ್ಕೂ ನನ್ನ ಮೇಜಿನ ತನಕ. ಎರಡು ಕಡೆ ಬೆಂಡು, ಜಾಯಿಂಟಿಗೆಲ್ಲ ಅಂಟು. ವೈಫೈ ಪೆಟ್ಟಿಗೇನ ಅಡುಗೆಮನೆ ಸ್ಟೂಲ್ ಮೇಲಿಟ್ಟು, ಅದರ ಕೊಂಬು ಪೈಪಿನ ಬಾಯೊಳಗೆ. ಮಹೇಶ ಏನೋ ಹೇಳೋಕೆ ಬಾಯಿ ತೆಗೆದ, ನಾನು ಕಾಲು ತುಳಿದೆ. ಬಾಡಿಗೆ ಮನೆ ಸ್ವಾಮಿ, ಓನರ್ ಪೈಪ್ ಹಾಕ್ತೀನಿ ಅಂದ್ರೆ ಹಾಕಿಸ್ಕೋಬೇಕು.

"ಅಮ್ಮಣೀ, ಪೈಪಿನ ಮುಂದೆ ಕೈ ಇಡು. ಬತ್ತದಾ?"

ಸಿಗ್ನಲ್ ಬರಲಿಲ್ಲ. ನುಗ್ಗೆಕಾಯಿ ಸಾಂಬಾರಿನ ಘಮ ಬಂತು. ಅದರ ಹಿಂದೇನೆ ಸರಸಕ್ಕನ ಗಂಟಲು, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ: "ಅಮ್ಮಣಿ, ಮುರುಂಗಕಾಯಿ ಸಾಂಬಾರು. ಒಂದು ಕಿಣ್ಣ ಕಳಿಸ್ಲಾ?"

ಅವತ್ತಿಂದ ಆ ಪೈಪು ನಮ್ಮಿಬ್ಬರ ಫೋನು. ಮಾಮ ಅದನ್ನ ಕಿತ್ತು ಹಾಕೋಕೆ ಬಂದಾಗ ಸರಸಕ್ಕ ಅಡ್ಡ ನಿಂತ್ರು. "ನೀವು ಇಷ್ಟು ವರ್ಷ ಏನೇನೋ ಮಾಡಿದೀರ. ಇದೊಂದು ನನಗೆ ಉಪಯೋಗ ಆಗಿರೋದು. ಮುಟ್ಟಬೇಡಿ."

ಮಾಮ ಎರಡು ದಿನ ಸುಮ್ಮನಿದ್ರು. ಮೂರನೇ ದಿನ ಹೊಸ ಸಿದ್ಧಾಂತ. ನೀರು ಮೇಲಿಂದ ಕೆಳಗೆ ತಾನೆ ಬರೋದು? ಟ್ಯಾಂಕು ಎತ್ತರದಲ್ಲಿದ್ರೆ ತಾನೆ ಕೊನೆ ಮನೆ ನಲ್ಲಿಗೂ ಪ್ರೆಷರ್ರು? ಹಂಗಾದ್ರೆ ಸಿಗ್ನಲ್ಲನ್ನ ಯಾವನು ನೆಲದ ಮೇಲೆ ಇಡ್ತಾನೆ? ಇಷ್ಟು ಹೇಳಿ ಫೋನ್ ವೈರನ್ನ ಮನೆ ಮುಂದಿನ ಗೋಡೆಯಿಂದ ತಾರಸಿಗೆ ಎಳೆದು, ಟ್ಯಾಂಕಿನ ಕಟ್ಟೆ ಮೇಲೆ, ಟ್ಯಾಂಕಿಗೆ ಆತುಕೊಂಡ ಹಾಗೆ ಪೆಟ್ಟಿಗೆ ಕಟ್ಟಿದ್ರು. ಮಳೆ ಬೀಳಬಾರದು ಅಂತ ಮೊದಲು ಬಿಸ್ಕತ್ತಿನ ತಗಡಿನ ಡಬ್ಬಿ ಮುಚ್ಚಿದ್ರು. ಇದ್ದ ಸಿಗ್ನಲ್ಲೂ ಹೋಯ್ತು. ತಗಡು ದಾಟಿ ಬರಲ್ಲ ಮಾಮ ಅಂತ ಮಹೇಶ ಅಂದಾಗ, "ಕವರು ಟೈಟ್ ಆಯ್ತು, ಅಷ್ಟೆ," ಅಂತ ಸರಸಕ್ಕನ ಇಡ್ಲಿ ಹಿಟ್ಟಿನ ಪ್ಲಾಸ್ಟಿಕ್ ಡಬ್ಬಿ ತಂದು ಬೋರಲು ಹಾಕಿದ್ರು. ಸರಸಕ್ಕ ಆ ಡಬ್ಬಿಗೆ ಒಂದು ವಾರ ಶೋಕ ಆಚರಿಸಿದ್ರು. ನನ್ನ ಕೈಯಲ್ಲಿ ಅದರ ಮೇಲೆ ಮಾರ್ಕರಲ್ಲಿ "ರಂಗಸಾಮಿ ಪಂಪ್ಸ್" ಅಂತ ಕನ್ನಡದಲ್ಲಿ ಬರೆಸ್ಕೊಂಡ್ರು ಮಾಮ.

ಮತ್ತೆ ನೋಡಿ ಮ್ಯಾಜಿಕ್ಕು. ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ನನ್ನ ರೂಮಲ್ಲಿ ನಾಲ್ಕು ಗೆರೆ! ನಾನು ಕಿರುಚಿದ್ದು ಪೈಪಿನಲ್ಲಿ ಹೋಗಿ ಸರಸಕ್ಕ ಪಾತ್ರೆ ಬೀಳಿಸಿದ್ರು. ಮಾಮ ಬೇಕರಿಗೆ ಹೋಗಿ ತೆಂಗಿನಕಾಯಿ ಬನ್ ತಂದು ಎದುರು ಮನೆಗೂ ಒಂದು ತುಂಡು ಕೊಟ್ಟು ಬಂದ್ರು. ಸುಮ್ಮನೆ ಅಲ್ಲ, ವಿವರಣೆ ಸಮೇತ.

ಮಧ್ಯಾಹ್ನ ಎರಡೂವರೆಗೆ ಸೊನ್ನೆ.

ಮರುದಿನವೂ ಅದೇ. ಬೆಳಿಗ್ಗೆ ಭರ್ಜರಿ, ನಾನು ಕೂರೋ ಹೊತ್ತಿಗೆ ಸತ್ತು ಬಿದ್ದಿರೋದು. ಆಫೀಸಿನ ಸೂಪರ್‌ವೈಸರಮ್ಮ ಫೋನ್ ಮಾಡಿ, "ಇನ್ನೊಂದು ಸಲ ಫೈಲ್ ಅರ್ಧಕ್ಕೆ ನಿಂತ್ರೆ ಮನೆ ಕೆಲಸ ಮರೆತುಬಿಡಿ," ಅಂದ್ಲು. ಮಾಮ ದಿನಾ ಏಣಿ ಹತ್ತಿ ಸ್ಕ್ರೂಡ್ರೈವರ್ ಇಟ್ಟು ಕೇಳೋದು, "ಓಡ್ತಾ ಅದೆಯಲ್ಲಾ," ಅಂತ ತಲೆ ಕೆರ್ಕೊಳ್ಳೋದು. ಅವರ ಮುಖ ನೋಡಿದ್ರೆ ಕೆಲಸ ಹೋಗ್ತಿರೋದು ನಂದಲ್ಲ, ಅವರದು ಅನ್ನಿಸೋದು. "ನಮ್ಮ ಮನೇಲಿದ್ದು ಪ್ರೆಷರ್ ಇಲ್ಲ ಅಂತ ನಿನ್ನ ಕೆಲಸ ಹೋಯ್ತು ಅಂದ್ರೆ, ನಾನು ಗಣಪತಿಲಿ ತಲೆ ಎತ್ಕೊಂಡು ನಡೆಯೋದು ಎಪ್ಪಡಿ?"

ಮೂರನೇ ದಿನ ಮಧ್ಯಾಹ್ನ ಪುಟ್ಟಿ ಮಲಗಿದ್ದಲ್ಲೇ ವಾಂತಿ ಮಾಡ್ಕೊಂಡ್ಲು. ಅವಳನ್ನ ತೊಳೆದು ಬೇರೆ ಕಡೆ ಮಲಗಿಸಿ, ಆ ಕೋಪ ಈ ಕೋಪ ಎಲ್ಲಾ ಸೇರಿಸಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಎರಡು ಬೆಡ್‌ಶೀಟ್ ಜಾಲಿಸಿ ಜಾಲಿಸಿ ಒಗೆದೆ. ಕೈ ಒರೆಸ್ಕೊಂಡು ಬಂದು ನೋಡಿದ್ರೆ ಎರಡು ಗೆರೆ. ಇನ್ನೂ ಸ್ವಲ್ಪ ನೀರು ಬಿಟ್ಟು ಅಂಗಳ ತೊಳೆದೆ. ಮೂರು ಗೆರೆ.

ಆಗ ಹೊಳೀತು. ಊಟ ಆಗಿ ಪಾತ್ರೆ ತೊಳೆದ ಮೇಲೆ ಸರಸಕ್ಕ ಎರಡು ಗಂಟೆಗೆ ಮೋಟಾರ್ ಹಾಕ್ತಾರೆ. ಟ್ಯಾಂಕ್ ತುಂಬುತ್ತೆ. ಪೆಟ್ಟಿಗೆ ಟ್ಯಾಂಕಿನ ಮುಂಭಾಗದಲ್ಲಿ, ನಾನು ಹಿಂಭಾಗದಲ್ಲಿ, ನಡುವೆ ಒಂದು ಟ್ಯಾಂಕ್ ನೀರು. ಸಿಗ್ನಲ್ಲನ್ನ ನೀರು ನುಂಗ್ತಿದೆ! ಸಂಜೆ ಮಹೇಶನ್ನ ಕೇಳಿದೆ. ಹೌದು, ನೀರು ಅದನ್ನ ಹೀರ್ಕೊಳ್ಳುತ್ತೆ, ನನಗೆ ಹೊಳೀಲೇ ಇಲ್ಲ ಅಂದ. ಇಂಜಿನಿಯರ್ರು ನೋಡಿ.

ಮಾಮನ ಹತ್ರ ಓಡಿದೆ. "ಪೆಟ್ಟಿಗೇನ ಟ್ಯಾಂಕಿನ ಈ ಪಕ್ಕಕ್ಕೆ ಕಟ್ಟಿ ಮಾಮ, ಸಾಕು. ನೀರು ಸಿಗ್ನಲ್ ಕುಡಿದುಬಿಡ್ತಿದೆ."

"ಕುಡಿತದಾ?" ಅಂದ್ರು ಮಾಮ. "ನೀರನ್ನ ನಾವು ಕುಡಿಯೋದು ಕೇಳಿದೀನಿ. ನೀರೇ ಕುಡಿಯೋದು ಇವತ್ತೇ ಕೇಳ್ತಿರೋದು. ಏನು ಎಮ್ಮೆನಾ ಅದು?" ಮಾತಲ್ಲಿ ನಗು ಇತ್ತು, ಮುಖದಲ್ಲಿ ಇರಲಿಲ್ಲ. "ಜೀವಮಾನ ಎಲ್ಲಾ ನೀರಿನ ಹತ್ರ ಕೆಲಸ ಮಾಡಿದೀನಿ ಅಮ್ಮಣಿ. ನೀರು ಯಾರಿಗೂ ದ್ರೋಹ ಮಾಡಲ್ಲ. ನಾಳೆ ನೋಡ್ತೀನಿ, ಹೋಗು."

ಮಾರನೇ ದಿನ ಎರಡು ಗಂಟೆಗೆ ನಾಲ್ಕು ಗೆರೆ. ಐದರ ತನಕ ಅಲ್ಲಾಡಲಿಲ್ಲ. ಮರುದಿನವೂ. ಅದರ ಮರುದಿನವೂ. ತಾರಸಿಗೆ ಹೋಗಿ ನೋಡಿದ್ರೆ ಇಡ್ಲಿ ಡಬ್ಬಿ ಇದ್ದಲ್ಲೇ ಇದೆ, ಒಂದಿಂಚೂ ಜರುಗಿಲ್ಲ.

"ಏನ್ ಮಾಡಿದ್ರಿ ಮಾಮ?"

"ಏರ್ ಲಾಕ್ ಆಗಿತ್ತು. ಬಿಡಿಸಿದೆ."

ಮಹೇಶ ಹಣೆ ಚಚ್ಕೊಂಡ. ನನಗೇನು, ಲೈನ್ ಬಂತಲ್ಲ. ಇನ್ನೊಂದು ಅನುಕೂಲವೂ ಆಯ್ತು. ನಮ್ಮ ಬಚ್ಚಲ ಮುಂದಿನ ಡ್ರಮ್ಮು ದಿನಾ ಮಧ್ಯಾಹ್ನ ತುಂಬಿ ತುಳುಕ್ತಾ ಇರೋದು. ಸರಸಕ್ಕನ ಅಕ್ಕರೆ ಅಂದ್ಕೊಂಡು ಪೈಪಿನಲ್ಲಿ ಥ್ಯಾಂಕ್ಸ್ ಹೇಳಿದ್ರೆ, ಅವರು ಸಾಂಬಾರಿನ ಮಾತು ತೆಗೆಯೋರು.

ಒಂದಿನ ಮೂರು ಗಂಟೆ ಸುಮಾರಿಗೆ ಯಾರದೋ ಕಿಡ್ನಿ ಬಗ್ಗೆ ಕೇಳಿ ಕೇಳಿ ತಲೆ ಸಿಡಿದು, ಹೆಡ್‌ಫೋನ್ ತೆಗೆದಿಟ್ಟೆ. ಪೈಪಿನಲ್ಲಿ ಬಕೆಟ್ ಕುಕ್ಕಿದ ಸದ್ದು. ಆಮೇಲೆ ಸರಸಕ್ಕ.

"ನಿಲ್ಲಿಸಿ ಅಂತೀನಿ. ಸಂಪಿನೊಳಗೆ ಬಗ್ಗಿ ಬಗ್ಗಿ ನೀರು ಸೇದ್ತೀರ, ಸೊಂಟ ಹಿಡ್ಕೊಂಡ್ರೆ ಯಾರು ಎಣ್ಣೆ ತಿಕ್ಕೋದು?"

"ನೀ ತಿಕ್ಕು."

"ಥೂ. ಆ ಡಬ್ಬೀನ ಕೊಂಜ ಆ ಪಕ್ಕ ಕಟ್ಟಿದ್ರೆ ಮುಗೀತು. ಮೋಟಾರ್ ಹಾಕಬಹುದು, ನೀರು ಬತ್ತದೆ. ಅಮ್ಮಣಿ ಹೇಳಿದ್ದು ಸರಿ ತಾನೆ?"



"ಸರಿ ತಾನೇ," ಅಂದ್ರು ಮಾಮ. "ಅದಕ್ಕೇ ತಾನೆ ಎರಡರಿಂದ ಐದು ಮೋಟಾರ್ ಮುಟ್ಟಬೇಡ ಅಂತ ನಿನಗೆ ಹೇಳಿರೋದು."

"ಹಂಗಾದ್ರೆ ಅದನ್ನ ಅವಳ ಹತ್ರ ಹೇಳೋದು!"

"ಯಾವ ಬಾಯಲ್ಲಿ ಹೇಳ್ಲಿ ಸರಸು? ಎದುರು ಮನೆಗೆಲ್ಲ ಬನ್ ಕೊಟ್ಟು ಬಂದಿದೀನಿ. ನಾನು ನೀರಿನ ಮನುಷ್ಯ. ತಿಪಟೂರಿನ ಅಮ್ಮಣಿ ಎರಡು ಬೆಡ್‌ಶೀಟ್ ಒಗೆದು, ನೀರಿನ ವಿಷಯದಲ್ಲೇ ನನ್ನ ತಪ್ಪು ಹಿಡಿದ್ಲು ಅಂತ ಒಪ್ಕೊಳ್ಳಲಾ?"

"ಒಪ್ಕೊಂಡ್ರೆ ಏನು?"

"ಬಕೆಟ್ಟೇ ಹಗುರ," ಅಂದ್ರು ಮಾಮ. ಆಮೇಲೆ ಗಾಬರಿಯಾಗಿ, "ಏ, ಮೆಲ್ಲಗೆ. ಪೈಪ್ ಅದೆ."

ನಾನು ಬಾಯಿಗೆ ಸೆರಗು ತುರುಕ್ಕೊಂಡು ನಕ್ಕೆ. ನಗು ಮುಗಿದ ಮೇಲೆ ಕಿಟಕಿಯಿಂದ ಬಗ್ಗಿ ನೋಡಿದೆ. ಮಾಮ ಸಂಪಿನ ಕಬ್ಬಿಣದ ಮುಚ್ಚಳ ಸರಿಸಿ, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಲ್ಲಿ ಹಗ್ಗ ಇಳಿಬಿಡ್ತಿದ್ರು. ಆ ಬಕೆಟ್ ನಮ್ಮ ಡ್ರಮ್ಮಿಗೆ.

ಎದ್ದು ಹೋಗಿ ಹೇಳಬಹುದಿತ್ತು. ಹೇಳಿದ್ರೆ ಅವರ ಬಕೆಟ್ ಮತ್ತೂ ಭಾರ ಆಗ್ತಿತ್ತು, ಅಷ್ಟು ಬುದ್ಧಿ ನನಗಿತ್ತು. ಅದಕ್ಕೆ ಬೇರೆ ದಾರಿ ಹಿಡಿದೆ. ಬೆಳಿಗ್ಗೇನೇ ಡ್ರಮ್ ನಾನೇ ತುಂಬಿಸಿಡೋದು. ಸ್ನಾನ, ಬಟ್ಟೆ, ಪಾತ್ರೆ ಎಲ್ಲಾ ಮಧ್ಯಾಹ್ನ ಒಂದರೊಳಗೆ. ಎರಡರಿಂದ ಐದು ನಮ್ಮನೇಲಿ ಒಂದು ಲೋಟವೂ ತೊಳೀತಿರಲಿಲ್ಲ. ಮಾಮ ಬಕೆಟ್ ಹಿಡ್ಕೊಂಡು ಬಂದು ತುಂಬಿದ ಡ್ರಮ್ ನೋಡಿ, "ಯಾರಿದು ತುಂಬಿಸಿದ್ದು?" ಅಂತ ಗೊಣಗಿ ವಾಪಸ್ ಹೋಗೋರು. ಮರುದಿನ ಅರ್ಧ ಗಂಟೆ ಮುಂಚೆ ಬರೋರು. ನಾನು ಇನ್ನೂ ಮುಂಚೆ. ಇಬ್ರೂ ಕಳ್ಳರ ಥರ ಆ ಡ್ರಮ್ಮಿನ ಸುತ್ತ ಓಡಾಡಿದ್ವಿ, ಒಬ್ರಿಗೊಬ್ರು ಒಂದು ಮಾತು ಆಡಲಿಲ್ಲ.

ತಿಂಗಳು ಮುಗೀತು. ಸೂಪರ್‌ವೈಸರಮ್ಮ ಫೋನ್ ಮಾಡಿ, "ನಿಮ್ಮ ಲೈನ್ ಚೆನ್ನಾಗಿದೆ, ಮನೆಯಿಂದಲೇ ಮಾಡಿ," ಅಂದ್ಲು. ಓಡಿ ಹೋಗಿ ಹೇಳಿದೆ. ಮಾಮ ಜಗಲಿ ಮೇಲೆ ಕೂತಿದ್ರು, ಸರಸಕ್ಕ ಸೊಂಟಕ್ಕೆ ಎಣ್ಣೆ ತಿಕ್ತಿದ್ರು.

"ನಮ್ಮ ಪಂಪಿನ ಡಿಸ್ಚಾರ್ಜ್ ಹಂಗೆ ಅಮ್ಮಣಿ," ಅಂದ್ರು ಮಾಮ. ಸರಸಕ್ಕ ಬೇಕಂತಲೇ ಜೋರಾಗಿ ಒಂದು ಒತ್ತು ಒತ್ತಿದ್ರು. "ಅಯ್ಯೋ!" ಅಂದ್ರು ಪಂಪಿನ ಯಜಮಾನ್ರು.

ಪುಟ್ಟಿ ಸ್ಕೂಲಿಗೆ ಸೇರೋ ಹೊತ್ತಿಗೆ ನಾವು ಊರಿನ ಇನ್ನೊಂದು ತುದಿಗೆ, ವಡವಳ್ಳಿಗೆ ಮನೆ ಬದಲಾಯಿಸಿದ್ವಿ. ಸ್ವಲ್ಪ ದಿನಕ್ಕೆ ಮಾಮ ಎರಡು ಬಸ್ ಬದಲಾಯಿಸಿ ನೋಡೋಕೆ ಬಂದ್ರು. ಕೈಚೀಲದಲ್ಲಿ ಸರಸಕ್ಕ ಕೊಟ್ಟ ನುಗ್ಗೆಕಾಯಿ, ಅದರ ನಡುವೆ ಸ್ಕ್ರೂಡ್ರೈವರ್. ಕಾಫಿ ಆಮೇಲೆ, ಮೊದಲು ಪೆಟ್ಟಿಗೆ ಎಲ್ಲಿ ಅಂತ ಕೇಳಿದ್ರು. ಹಾಲ್‌ನಲ್ಲಿ ಟಿವಿ ಪಕ್ಕ ಇತ್ತು. ಕಿವಿಗೊಟ್ಟು ಕೇಳಿದ್ರು, ರೂಮ್ ರೂಮಿಗೂ ಹೋಗಿ, "ಇಲ್ಲಿ ಬತ್ತದಾ? ಇಲ್ಲಿ?" ಅಂತ ವಿಚಾರಿಸಿದ್ರು. ಎಲ್ಲಾ ಕಡೆ ಬರ್ತಿತ್ತು.

"ಪರವಾಗಿಲ್ಲ. ಆದ್ರೂ ಕೊಂಜ ಎತ್ತರ ಸಾಲದು," ಅಂದ್ರು. ಬಸ್ ಸ್ಟಾಪಿಗೆ ಬಿಡೋಕೆ ಹೋದಾಗ ನಮ್ಮ ತಾರಸಿ ಕಡೆ ತಿರುಗಿ ನೋಡಿದ್ರು. "ನಿನ್ನ ಟ್ಯಾಂಕು ಚಿಕ್ಕದು ಅಮ್ಮಣಿ. ಮೋಟಾರ್ ಯಾವಾಗ ಬೇಕಾದ್ರೂ ಹಾಕ್ಕೋ." ಬಸ್ ಹತ್ತಿ ಕಿಟಕಿಯಿಂದ ಸ್ಕ್ರೂಡ್ರೈವರ್ ಅಲ್ಲಾಡಿಸಿದ್ರು. ಅದೇ ಕೊನೆ ಸಲ ನಾನು ಅವರನ್ನ ನೋಡಿದ್ದು. ಮಹೇಶ ಆಮೇಲೆ ಎಷ್ಟು ಸಲ ಹೇಳಿದಾನೆ, ನೀನು ಪೈಪಿನಲ್ಲಿ ಕೇಳಿಸ್ಕೊಂಡಿದ್ದು ಅವರಿಗೆ ಮೊದಲಿಂದ ಗೊತ್ತಿತ್ತು ಅಂತ. ಇರಬಹುದು.

ಮಾಮ ತೀರಿಹೋದ ಮೇಲೆ ಒಂದು ಮಧ್ಯಾಹ್ನ ಸರಸಕ್ಕನ ನೋಡೋಕೆ ಗಣಪತಿಗೆ ಹೋದೆ. ಇಡ್ಲಿ ಡಬ್ಬಿ ಅಡುಗೆಮನೆಗೆ ವಾಪಸ್ ಬಂದಿತ್ತು, ಹಿಟ್ಟು ಉಕ್ಕಿ ಮುಚ್ಚಳ ಎತ್ತಿತ್ತು. ಮೈಮೇಲೆ ನನ್ನ ಮಾರ್ಕರ್ ಅಕ್ಷರ ಮಾಸಿ "ರಂಗ" ಅಷ್ಟೇ ಉಳಿದಿತ್ತು. ವೈಫೈ ಪೆಟ್ಟಿಗೇನ ಲೈನ್‌ಮನ್ ಬಂದು ಹಾಲ್‌ಗೆ ಇಳಿಸಿದಾನಂತೆ, ನಮ್ಮ ಹಳೇ ರೂಮಿಗೆ ಬಂದಿರೋ ಹೊಸ ಬಾಡಿಗೆಯವರು ಅವರದೇ ಬೇರೆ ಲೈನ್ ಹಾಕಿಸ್ಕೊಂಡಿದಾರಂತೆ. ತಾರಸಿ ಮೇಲೆ ಈಗ ಟ್ಯಾಂಕ್ ಬಿಟ್ರೆ ಏನೂ ಇಲ್ಲ.

ಸರಸಕ್ಕ ಕೊಟ್ಟ ಬನ್ ತಿಂದು ಕೈ ತೊಳೆಯೋಣ ಅಂತ ನಲ್ಲಿ ತಿರುಗಿಸಿದೆ. ಹನಿ ನೀರಿಲ್ಲ. ಅಷ್ಟೊತ್ತಿಗೆ ಕಿಟಕಿ ಪಕ್ಕದ ಪೈಪಿನಿಂದ ಒಂದು ಹೆಣ್ಣು ದನಿ, ತಮಿಳಲ್ಲಿ, ಸಿಟ್ಟಲ್ಲಿ: ಅಕ್ಕಾ, ಇವತ್ತೂ ನೀರಿಲ್ಲ, ಪಾತ್ರೆ ಎಲ್ಲಾ ಹಂಗೇ ಬಿದ್ದಿದೆ!

ಸರಸಕ್ಕ ಪೈಪಿಗೆ ಬಾಯಿಟ್ಟು ತಣ್ಣಗೆ, ಐದು ಗಂಟೆಗೆ ಮೋಟಾರ್ ಹಾಕ್ತೀನಿ ತಾಯಿ ಅಂದ್ರು.

ಗಡಿಯಾರ ನೋಡಿದೆ. ಮೂರು.

"ಯಾಕಕ್ಕಾ? ಈಗ ಹಾಕಬಹುದಲ್ಲಾ. ಪೆಟ್ಟಿಗೇನೇ ಮೇಲಿಲ್ಲ."

"ಗೊತ್ತು ಅಮ್ಮಣಿ," ಅಂದ್ರು ಸರಸಕ್ಕ. "ಎರಡರಿಂದ ಐದು ಮುಟ್ಟಬೇಡ ಅಂತ ಹೇಳಿದ್ರು. ಮುಟ್ಟು ಅಂತ ಹೇಳಲೇ ಇಲ್ಲವಲ್ಲ."

ನಾನು ಸೆರಗು ಸೊಂಟಕ್ಕೆ ಸಿಗಿಸಿದೆ. "ಆ ಬಕೆಟ್ ಎಲ್ಲಿದೆ?" ಅಂದೆ.